ಮಾನಿಟರ್ ಕ್ಯಾಲಿಬ್ರೇಟರ್: ನಾಲ್ಕು ವರ್ಷ ಬಳಸಿದ ಮೇಲೆ

ಹಳೇ ಫೋಟೊ ಸ್ಕ್ಯಾನ್ ಮಾಡಿ, ತಿದ್ದಿ, ಪ್ರಿಂಟ್ ಹಾಕಿಕೊಡುವುದು ನನ್ನ ಕಸುಬು. ಒಮ್ಮೆ ಗಿರಾಕಿಯೊಬ್ಬರು ತಾಯಿಯ ಮದುವೆ ಫೋಟೊ ತಂದಿದ್ದರು. ಸ್ಕ್ರೀನಿನಲ್ಲಿ ನೋಡಿ ಒಪ್ಪಿದವರು, ಪ್ರಿಂಟ್ ಕೈಗೆ ಬಂದ ಕೂಡಲೇ "ಅಮ್ಮನ ಸೀರೆ ಕುಂಕುಮದ ಬಣ್ಣದ್ದು ಸರ್, ಇದೇನು ಬದನೆಕಾಯಿ ಥರ ಇದೆ?" ಅಂದರು. ಮೂರು ಸಲ ಪ್ರಿಂಟ್ ತೆಗೆದೆ, ಮೂರೂ ಕಸದ ಬುಟ್ಟಿಗೆ. ಆ ವಾರವೇ ಸ್ಕ್ರೀನಿನ ಬಣ್ಣ ಅಳೆಯುವ ಈ ಕ್ಯಾಲಿಬ್ರೇಟರ್, ಅಂದರೆ ಕಲರಿಮೀಟರ್, ತರಿಸಿದ್ದು.

ಅಂಗೈಯಗಲದ ಯಂತ್ರ. ಯುಎಸ್‌ಬಿಗೆ ಸಿಕ್ಕಿಸಿ ಸ್ಕ್ರೀನಿನ ಮೇಲೆ ನೇತುಬಿಟ್ಟರೆ, ಒಂದಾದ ಮೇಲೊಂದು ಬರುವ ಬಣ್ಣಗಳನ್ನು ಅಳೆದು ಐಸಿಸಿ ಪ್ರೊಫೈಲ್ (ಆ ಸ್ಕ್ರೀನ್ ಬಣ್ಣಗಳನ್ನು ಹೇಗೆ ತೋರಿಸುತ್ತದೆ ಎಂದು ಕಂಪ್ಯೂಟರಿಗೆ ಹೇಳುವ ಫೈಲ್) ಬರೆಯುತ್ತದೆ. ನಾನು ಉಚಿತವಾಗಿ ಸಿಗುವ ಡಿಸ್‌ಪ್ಲೇಕ್ಯಾಲ್ ಸಾಫ್ಟ್‌ವೇರ್ ಬಳಸುತ್ತೇನೆ. ನಾನು ಇಟ್ಟ ಅಳತೆ: ಬಿಳುಪಿನ ಛಾಯೆ 6500 ಕೆಲ್ವಿನ್, ಗಾಮಾ (ನಡುವಿನ ಛಾಯೆಗಳ ತಿಳಿ-ಗಾಢ) 2.2, ಬೆಳಕು ಚದರ ಮೀಟರಿಗೆ 120 ಕ್ಯಾಂಡೆಲಾ. ಮೊದಲ ಎರಡು ದಿನ ಮಾನಿಟರಿಗೇ ಕಾಮಾಲೆ ಬಂದ ಹಾಗಿತ್ತು. ಅಷ್ಟು ವರ್ಷ ನೀಲಿ ಬಿಳುಪಿಗೆ ಒಗ್ಗಿಹೋಗಿದ್ದ ಕಣ್ಣಿನ ತಪ್ಪು ಅದು. ಪ್ರಿಂಟ್ ಕಪ್ಪಗೆ ಬರುತ್ತಿದ್ದ ಕಾರಣವೂ ಆಗಲೇ ಗೊತ್ತಾಯಿತು: ಬ್ರೈಟ್‌ನೆಸ್ ವಿಪರೀತ ಏರಿಸಿಟ್ಟಿದ್ದೆ. ಸುಮ್ಮನೆ ಇಂಕನ್ನು ಬೈದಿದ್ದೇ ಬಂತು.

ಇದು ಕಾಗದದ ಮೇಲಿನ ಬಣ್ಣವನ್ನು ಅಳೆಯುವುದಿಲ್ಲ, ಕೊಳ್ಳುವಾಗ ಯಾರೂ ಹೇಳಲಿಲ್ಲ. ಅದಕ್ಕೆ ಸ್ಪೆಕ್ಟ್ರೋಫೋಟೋಮೀಟರ್ ಬೇಕು, ಬೆಲೆಯೂ ಬೇರೆಯೇ ಮಟ್ಟದ್ದು. ನಾನು ಕಾಗದದ ಕಂಪನಿಯವರೇ ಕೊಡುವ ಪ್ರೊಫೈಲಿನಲ್ಲಿ ಸುಧಾರಿಸುತ್ತಿದ್ದೇನೆ. ಹೊಳೆಯುವ ಗ್ಲಾಸಿ ಕಾಗದಕ್ಕೆ ಒಂದು, ಹೊಳಪಿಲ್ಲದ ಮ್ಯಾಟ್ ಕಾಗದಕ್ಕೆ ಇನ್ನೊಂದು. ಫೋಟೊಶಾಪಿನಲ್ಲಿ ಪ್ರೊಫೈಲ್ ಆರಿಸಿದ ಮೇಲೆ ಪ್ರಿಂಟರ್ ಡ್ರೈವರಿನ ಬಣ್ಣ ತಿದ್ದುವ ಆಯ್ಕೆಯನ್ನು ಆಫ್ ಮಾಡಲೇಬೇಕು. ಮರೆತರೆ ಒಂದೇ ಬಣ್ಣಕ್ಕೆ ಎರಡೆರಡು ಸಲ ತಿದ್ದುಪಡಿ. ನಾನು ಮರೆತು ಒಂದಿಡೀ ಆಲ್ಬಮ್ಮಿನ ಮುಖಗಳು ಬಿಸಿಲಿಗೆ ಸುಟ್ಟವರ ಥರ ಬಂದಿದ್ದವು.

ಸ್ಕ್ಯಾನರಿಗೆ ಐಟಿ8 ಚಾರ್ಟ್ (ಅಳತೆ ಗೊತ್ತಿರುವ ಬಣ್ಣದ ಚೌಕಗಳ ಹಾಳೆ) ಬೇರೆ ಕೊಂಡೆ. ಆಟೋ ಎಕ್ಸ್‌ಪೋಷರ್, ಆಟೋ ಕಲರ್ ಎರಡನ್ನೂ ಆಫ್ ಮಾಡಿ ಚಾರ್ಟನ್ನು ಸ್ಕ್ಯಾನ್ ಮಾಡಿ ಪ್ರೊಫೈಲ್ ಮಾಡಬೇಕು. ಆದರೆ ಅದು ಸರಿಪಡಿಸುವುದು ಸ್ಕ್ಯಾನರಿನ ತಪ್ಪನ್ನು, ಕಾಲದ ತಪ್ಪನ್ನಲ್ಲ. ಪೆಟ್ಟಿಗೆಯಲ್ಲೇ ಇದ್ದು ಸಯಾನ್ (ಹಸಿರುಮಿಶ್ರಿತ ನೀಲಿ) ಬಣ್ಣ ಮಾಸಿ ಕೆಂಪಾದ ಎಂಬತ್ತರ ದಶಕದ ಫೋಟೊ, ಪ್ರೊಫೈಲ್ ಹಾಕಿದ ಮೇಲೂ ಕೆಂಪಾಗಿಯೇ ಬರುತ್ತದೆ. ಅಲ್ಲಿಂದ ಮುಂದಿನದು ಕೈಕೆಲಸ.

ಯಂತ್ರ ಇದುವರೆಗೆ ಕೆಟ್ಟಿಲ್ಲ. ತಿಂಗಳಿಗೊಮ್ಮೆ ಮಾನಿಟರನ್ನು ಅರ್ಧ ಗಂಟೆ ಬೆಚ್ಚಗಾಗಲು ಬಿಟ್ಟು ಮತ್ತೆ ಅಳೆಯುತ್ತೇನೆ. ಲ್ಯಾಪ್‌ಟಾಪಿಗೆ ಮಾತ್ರ ಹೆಚ್ಚೇನೂ ಉಪಯೋಗವಾಗಲಿಲ್ಲ; ಅಗ್ಗದ ಪ್ಯಾನೆಲಿಗೆ ತೋರಿಸಲಾಗದ ಕೆಂಪನ್ನು ಇದು ಎಲ್ಲಿಂದ ತಂದೀತು? ಅಂಗಡಿಯ ಟ್ಯೂಬ್‌ಲೈಟ್ ತೆಗೆದು ಹಗಲ ಬೆಳಕಿಗೆ ಹತ್ತಿರವಾದ 5000 ಕೆಲ್ವಿನ್ನಿನದು ಹಾಕಿಸಿದ್ದೇನೆ. ಆದರೂ ಗಿರಾಕಿಗಳು ಪ್ರಿಂಟ್ ಹಿಡಿದು ಬಾಗಿಲ ಬಳಿ ಹೋಗಿ ಬಿಸಿಲಿಗೊಡ್ಡಿ ನೋಡುವುದನ್ನು ಬಿಟ್ಟಿಲ್ಲ.

ಫೋಟೊ ಬರೀ ವಾಟ್ಸಾಪಿನಲ್ಲಿ ಕಳಿಸುವವರಾದರೆ ಇದಕ್ಕೆ ದುಡ್ಡು ಹಾಕಬೇಡಿ. ಪ್ರಿಂಟ್ ಹಾಕುವವರು ಕೂಡ ಮೊದಲು ಮಾನಿಟರಿನ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ಒಂದು ಪ್ರಿಂಟ್ ತೆಗೆದು ನೋಡಿ. ಆಮೇಲೂ ಸೀರೆ ಬದನೆಕಾಯಿಯೇ ಆಗಿದ್ದರೆ ಕೊಳ್ಳಿ.