ತಣ್ಣೀರಿಗೆ ಡ್ರೈಸೂಟ್: ಮಾಂಟೆರೆಯಲ್ಲಿ ಹಲವು ವರ್ಷ ಬಳಸಿದ ಮೇಲೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡ ಗೆಳೆಯರು ಡೈವಿಂಗ್ ಮಾತು ಬಂದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಅಷ್ಟೊಂದು ದುಡ್ಡು ಹಾಕಿ ಡ್ರೈಸೂಟ್ ತಗೊಳ್ಳಬೇಕಾ, ವೆಟ್‌ಸೂಟ್ ಸಾಕಾಗಲ್ವಾ? ಡ್ರೈಸೂಟ್ ಅಂದರೆ ಒಳಗೆ ನೀರು ಬಾರದ ಡೈವಿಂಗ್ ಉಡುಪು, ವೆಟ್‌ಸೂಟಿನೊಳಗೆ ನೀರು ಬರುತ್ತದೆ. ಇವರಲ್ಲಿ ಸುಮಾರು ಜನ ಮುರುಡೇಶ್ವರದಲ್ಲಿ ದೋಣಿ ಹತ್ತಿ ನೇತ್ರಾಣಿಯಲ್ಲಿ ಮೊದಲ ಡೈವ್ ಮಾಡಿದವರು. ನಾನೂ ಅಲ್ಲೇ ಶುರು ಮಾಡಿದವನು. ಅಲ್ಲಿನ ಬೆಚ್ಚಗಿನ ನೀರಿಗೆ ತೆಳ್ಳಗಿನ ಸೂಟ್ ಸಾಕು. ಮಾಂಟೆರೆ ಕೊಲ್ಲಿಯ ನೀರು ಹಾಗಲ್ಲ. ವರ್ಷವಿಡೀ 10ರಿಂದ 15 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರುತ್ತದೆ. ಆಗಸ್ಟ್‌ನ ಬಿಸಿಲಿಗೂ ಅದು ಬಗ್ಗುವುದಿಲ್ಲ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಚಳಿಗಾಲ ಬೇಸಿಗೆ ನೋಡದೆ ಇಲ್ಲಿ ನೀರಿಗಿಳಿಯುವವರಿಗೆ ಡ್ರೈಸೂಟ್ ಬೇಕೇ ಬೇಕು. ಮೈ ಬೆಚ್ಚಗಿದ್ದರೆ ನೀರಿನಲ್ಲಿ ಒಂದೇ ಜಾಗದಲ್ಲಿ ಬಹಳ ಹೊತ್ತು ಕದಲದೆ ಇರಬಹುದು. ಮಾಂಟೆರೆಯ ಜೀವಿಗಳು ಕಾಣಿಸುವುದು ಹಾಗೆ ಇದ್ದವರಿಗೆ. ನಾನು ದುಡ್ಡು ಕೊಟ್ಟಿದ್ದು ಇದಕ್ಕೆ, ಒಣಗಿದ ಬಟ್ಟೆಗಲ್ಲ.

ಇದು ಒಂದು ಕಂಪನಿಯ ಸೂಟಿನ ವಿಮರ್ಶೆ ಅಲ್ಲ. ನನ್ನದು ಟ್ರೈಲ್ಯಾಮಿನೇಟ್ ಸೂಟ್. ಎರಡು ನೈಲಾನ್ ಪದರಗಳ ನಡುವೆ ರಬ್ಬರ್ ಪದರ ಇರುತ್ತದೆ. ಕತ್ತಿಗೂ ಮಣಿಕಟ್ಟಿಗೂ ನೀರು ಒಳಗೆ ಬಾರದಂತೆ ಬಿಗಿಯಾದ ಲೇಟೆಕ್ಸ್ ಪಟ್ಟಿ, ಎದೆಯ ಮೇಲೆ ಓರೆಯಾಗಿ ಜಿಪ್. ಈ ಥರದ ಸೂಟುಗಳ ಗುಣದೋಷಗಳು ಬಹುಪಾಲು ಒಂದೇ. ಬೆಲೆ ಸಾಮಾನ್ಯವಾಗಿ 2000 ಡಾಲರ್ ಆಸುಪಾಸಿನಿಂದ ಶುರುವಾಗಿ ಮೇಲಕ್ಕೆ ಹೋಗುತ್ತದೆ.

ವೆಟ್‌ಸೂಟ್ ಇಲ್ಲಿ ಯಾಕೆ ಸೋಲುತ್ತದೆ ಅಂತ ಗೊತ್ತಾದರೆ ಉಳಿದದ್ದು ಸುಲಭ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ವೆಟ್‌ಸೂಟಿನ ನಿಯೋಪ್ರೀನ್ ರಬ್ಬರಿನಲ್ಲಿ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುತ್ತವೆ. ಚಳಿ ತಡೆಯುವುದು ಅವೇ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಗುಳ್ಳೆಗಳು ಕುಗ್ಗುತ್ತವೆ, 7 ಮಿಲಿಮೀಟರ್ ಸೂಟ್ ತೆಳ್ಳಗಾಗುತ್ತದೆ. ಅಂದರೆ ಚಳಿ ಜಾಸ್ತಿ ಇರುವ ಆಳದಲ್ಲೇ ಸೂಟ್ ಕೈಕೊಡುತ್ತದೆ. ಮೊದಲ ಡೈವ್ ಹೇಗೋ ಮುಗಿಯುತ್ತದೆ. ಆಮೇಲೆ ಒದ್ದೆ ಸೂಟಿನಲ್ಲಿ ದಡದ ಗಾಳಿಗೆ ನಿಂತರೆ ಎರಡನೇ ಡೈವಿನ ಆಸೆಯೇ ಹೋಗುತ್ತದೆ.

ಟ್ರೈಲ್ಯಾಮಿನೇಟ್ ಸೂಟ್ ತಾನಾಗಿ ಬೆಚ್ಚಗೇನೂ ಇಡುವುದಿಲ್ಲ. ಅದು ಒಂದು ಗಟ್ಟಿ ರೈನ್‌ಕೋಟ್ ಇದ್ದ ಹಾಗೆ. ಬೆಚ್ಚಗಿಡುವುದು ಒಳಗೆ ತೊಡುವ ದಪ್ಪ ಬಟ್ಟೆ ಮತ್ತು ಅದರಲ್ಲಿ ನಿಲ್ಲುವ ಗಾಳಿ. ಅದಕ್ಕೇ ಹೊಸಬರಿಗೆ ನಾನು ಹೇಳುವುದು ಇಷ್ಟು: ಸೂಟಿನಲ್ಲಿ ನೂರಿನ್ನೂರು ಡಾಲರ್ ಉಳಿಸಿ, ಒಳಬಟ್ಟೆಯಲ್ಲಿ ಉಳಿಸಬೇಡಿ. ಹತ್ತಿಯ ಬಟ್ಟೆ ಮಾತ್ರ ಬೇಡವೇ ಬೇಡ. ಬೆವರು ಹೀರಿಕೊಂಡು ಒದ್ದೆಯಾಗಿ ಮೈಗೆ ಅಂಟುತ್ತದೆ. ಮೈಗೆ ತಾಗುವಂತೆ ತೆಳ್ಳಗಿನ ಉಣ್ಣೆ, ಅದರ ಮೇಲೆ ದಪ್ಪ ಫ್ಲೀಸ್. ಈ ಜೋಡಿ ನನಗೆ ಎಲ್ಲ ಕಾಲಕ್ಕೂ ನಡೆದಿದೆ. ಹೆಸರು ಡ್ರೈಸೂಟ್ ಅಂತಿದ್ದರೂ ತಲೆ ಒದ್ದೆಯಾಗುತ್ತದೆ. ದಪ್ಪ ನಿಯೋಪ್ರೀನ್ ಹುಡ್, ಕೈಗವಸು ಬೇಕು. ನೀರಿಗೆ ಮುಖ ಕೊಟ್ಟ ಮೊದಲ ನಿಮಿಷ ಹಣೆ ಜುಮ್ಮೆನ್ನುವುದು ಯಾವ ಸೂಟಿನಲ್ಲೂ ತಪ್ಪುವುದಿಲ್ಲ.

ಮಾಂಟೆರೆಯಲ್ಲಿ ಇಷ್ಟು ಜೀವ ಇರುವುದಕ್ಕೆ ಈ ಚಳಿಯೇ ಕಾರಣ. ವಸಂತದಲ್ಲಿ ವಾಯವ್ಯದಿಂದ ಗಾಳಿ ಬೀಸಿದಾಗ ಮೇಲಿನ ನೀರು ದಡದಿಂದ ದೂರ ಸರಿಯುತ್ತದೆ. ಅದರ ಜಾಗಕ್ಕೆ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೆ ಬರುತ್ತದೆ. ಆಗ ಪ್ಲಾಂಕ್ಟನ್ ಹೆಚ್ಚಿ ನೀರು ಹಸಿರಾಗುತ್ತದೆ, ಎದುರಿಗೆ ಮೂರು ಮೀಟರ್ ಕಂಡರೆ ಹೆಚ್ಚು. ಕೆಲ್ಪ್ ಅನ್ನುವ ದೈತ್ಯ ಪಾಚಿ ಒಳ್ಳೆಯ ಕಾಲದಲ್ಲಿ ದಿನಕ್ಕೆ ಒಂದಡಿಯಷ್ಟು ಬೆಳೆಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ನೀರು ತಿಳಿಯಾಗುತ್ತದೆ. ಆಗ ಬುಡದಲ್ಲಿ ನಿಂತು ಮೇಲೆ ನೋಡಿದರೆ ಎಲೆಗಳ ನಡುವಿಂದ ಬಿಸಿಲು ಇಳಿಯುವುದು ಕಾಣುತ್ತದೆ. ಆಗುಂಬೆಯ ಕಾಡು ನೋಡಿ ಬೆಳೆದ ನನಗೆ ನೀರಿನಡಿಯ ಈ ಕಾಡಿನ ಮೇಲೆ ಮೊದಲ ದಿನದಿಂದಲೂ ಪ್ರೀತಿ.

ಬೆಚ್ಚಗಿರುವುದರಿಂದ ಏನು ಸಿಕ್ಕಿತು ಅಂತ ಕೇಳಿದರೆ ಮೊದಲು ಹಾರ್ಬರ್ ಸೀಲ್‌ಗಳ ವಿಷಯ ಹೇಳಬೇಕು. ಈಜುತ್ತಲೇ ಇರುವ ಡೈವರ್ ಹತ್ತಿರ ಅವು ಬರುವುದು ಕಡಿಮೆ. ಸ್ಯಾನ್ ಕಾರ್ಲೋಸ್ ಬೀಚಿನ ತಡೆಗೋಡೆಯ ಬಂಡೆಗಳ ಹತ್ತಿರ ಮರಳಿಗಿಂತ ಸ್ವಲ್ಪ ಮೇಲೆ ತೇಲುತ್ತಾ ಕಾಯಬೇಕು. ಮೊದಲು ದೂರದಲ್ಲಿ ಒಂದು ನೆರಳು ಹಾದುಹೋಗುತ್ತದೆ. ಆಮೇಲೆ ಹಿಂದಿನಿಂದ ಯಾರೋ ಕಾಲಿಗೆ ತೊಟ್ಟ ಈಜುರೆಕ್ಕೆ (ಫಿನ್) ಜಗ್ಗಿದ ಹಾಗಾಗುತ್ತದೆ. ತಿರುಗಿ ನೋಡಿದರೆ ಚುಕ್ಕೆ ಚುಕ್ಕೆಯ ಮೈ, ದೊಡ್ಡ ಕಪ್ಪು ಕಣ್ಣು. ನಾವಾಗಿ ಮುಟ್ಟಬಾರದು, ಬೆನ್ನು ಹತ್ತಬಾರದು. 1972ರಿಂದ ಅಮೆರಿಕದಲ್ಲಿ ಕಡಲ ಸಸ್ತನಿಗಳ ರಕ್ಷಣೆಗೆ ಕಾಯ್ದೆಯೇ ಇದೆ. ಸೀಲ್ ತಾನಾಗಿ ಬಂದರೆ ಬರಲಿ ಅಂತ ಇದ್ದುಬಿಡಬೇಕು. ವೆಟ್‌ಸೂಟಿನಲ್ಲಿ ನಡುಗುತ್ತಾ ಇಷ್ಟು ಹೊತ್ತು ಕಾಯಲು ನನ್ನಿಂದ ಯಾವತ್ತೂ ಆಗಿರಲಿಲ್ಲ.

ಅದೇ ಬೀಚಿನಿಂದ ಒಂದು ಹಳೆಯ ಪೈಪ್ ಹಿಡಿದು ಆಳಕ್ಕೆ ಹೋದರೆ ಸುಮಾರು 15 ಮೀಟರಿನಲ್ಲಿ ಮೆಟ್ರಿಡಿಯಂ ಬಯಲು ಸಿಗುತ್ತದೆ. ಮೊಣಕಾಲೆತ್ತರದ ಬಿಳಿ ಅನೆಮೊನಿಗಳು, ಹೂವಿನಂತೆ ಕಾಣುವ ಕಡಲಜೀವಿಗಳು, ಬಂಡೆಗಳ ತುಂಬ ನಿಂತಿರುತ್ತವೆ. ಚಳಿಗಾಲದಲ್ಲಿ ಲಿಂಗ್‌ಕಾಡ್ ಅನ್ನುವ ದೊಡ್ಡ ಬಾಯಿಯ ಗಂಡು ಮೀನು ಬಂಡೆ ಸಂದಿಯ ಮೊಟ್ಟೆಗಳಿಗೆ ವಾರಗಟ್ಟಲೆ ಕಾವಲು ಕೂರುತ್ತದೆ. ಹತ್ತಿರ ಹೋದರೂ ಜಾಗ ಬಿಟ್ಟು ಕದಲುವುದಿಲ್ಲ. ಅದನ್ನು ನೋಡಬೇಕಾದರೆ ಚಳಿಗಾಲದಲ್ಲೇ ಇಳಿಯಬೇಕು, ಅಲ್ವಾ? ಸ್ಕ್ವಿಡ್‌ಗಳು, ನಮ್ಮ ಕರಾವಳಿಯವರ ಬೊಂಡಾಸ್, ಇಲ್ಲಿ ಮೊಟ್ಟೆ ಇಡಲು ಹಿಂಡು ಹಿಂಡಾಗಿ ದಡದ ಹತ್ತಿರ ಬರುತ್ತವೆ. ಮೊಟ್ಟೆ ಇಟ್ಟ ಮೇಲೆ ಸಾಯುತ್ತವೆ. ಮರಳಿನ ಮೇಲೆ ಬೆರಳುದ್ದದ ಬಿಳಿ ಚೀಲಗಳ ಗೊಂಚಲು ಉಳಿಯುತ್ತದೆ. ರಾತ್ರಿ ಡೈವಿನಲ್ಲಿ ಟಾರ್ಚಿನ ಬೆಳಕಿಗೆ ಸ್ಕ್ವಿಡ್‌ಗಳ ಮೈಯ ಬಣ್ಣ ಕ್ಷಣಕ್ಷಣಕ್ಕೂ ಬದಲಾಗುವುದನ್ನು ನೋಡಿದ್ದೇನೆ. ಈ ಊರಿನಲ್ಲಿ ನಾನು ನೋಡಿದ್ದರಲ್ಲೆಲ್ಲ ಅದೇ ದೊಡ್ಡದು.

ಹತ್ತಿರದ ರಕ್ಷಿತ ತಾಣ ಪಾಯಿಂಟ್ ಲೋಬೋಸ್‌ನಲ್ಲಿ ಡೈವ್ ಮಾಡಲು ಮೊದಲೇ ಬುಕ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಅಲ್ಲಿನ ವೇಲರ್ಸ್ ಕೋವ್‌ನ ಬಂಡೆಗಳ ಮೇಲೆ ಒಂದಿಂಚೂ ಖಾಲಿ ಇಲ್ಲ. ಗುಲಾಬಿ ಬಣ್ಣದ ಪುಟ್ಟ ಅನೆಮೊನಿಗಳು, ಸ್ಪಂಜುಗಳು, ಉಗುರಿನಷ್ಟೇ ಇರುವ ಬಣ್ಣದ ನುಡಿಬ್ರಾಂಕ್‌ಗಳು, ಅಂದರೆ ಚಿಪ್ಪಿಲ್ಲದ ಕಡಲ ಬಸವನಹುಳುಗಳು. ಇವನ್ನು ಹುಡುಕಲು ಒಂದು ಅಂಗೈಯಗಲದ ಜಾಗವನ್ನೇ ಐದು ಹತ್ತು ನಿಮಿಷ ದಿಟ್ಟಿಸಬೇಕು. ಕಡಲ ನೀರುನಾಯಿಗಳು ಮಾತ್ರ ನೀರಿನಡಿ ಸಿಗುವುದು ಅಪರೂಪ. ಅವನ್ನು ದಡದಿಂದಲೇ ಚೆನ್ನಾಗಿ ನೋಡಬಹುದು.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದರೆ ಬದಲಾವಣೆಯೂ ಕಣ್ಣಿಗೆ ಬೀಳುತ್ತದೆ. 2013ರಲ್ಲಿ ಈ ಕರಾವಳಿಯ ನಕ್ಷತ್ರಮೀನುಗಳಿಗೆ ಮೈ ಕರಗುವ ರೋಗ ಬಂತು. ಹಿಂದೆಯೇ ಕಡಲಿನಲ್ಲಿ ಶಾಖದ ಅಲೆ. ಇಪ್ಪತ್ತಕ್ಕೂ ಹೆಚ್ಚು ತೋಳುಗಳಿದ್ದ ಸೂರ್ಯಕಾಂತಿ ನಕ್ಷತ್ರಮೀನು ಕ್ಯಾಲಿಫೋರ್ನಿಯಾದಿಂದ ಹೆಚ್ಚುಕಡಿಮೆ ಅಳಿದುಹೋಯಿತು. ಮುಳ್ಳುಚೆಂಡಿನಂಥ ಅರ್ಚಿನ್‌ಗಳನ್ನು ತಿಂದು ಹದ್ದುಬಸ್ತಿನಲ್ಲಿಡುತ್ತಿದ್ದುದು ಅದು. ಅದು ಹೋದ ಮೇಲೆ ನೇರಳೆ ಅರ್ಚಿನ್‌ಗಳು ವಿಪರೀತ ಹೆಚ್ಚಿ ಕೆಲ್ಪ್ ತಿಂದು ಬೋಳು ಮಾಡಿದವು. ಮಾಂಟೆರೆಯಲ್ಲಿ ನೀರುನಾಯಿಗಳಿರುವ ಕಡೆ ಕೆಲ್ಪ್‌ನ ತುಂಡು ತುಂಡು ಕಾಡು ಉಳಿದಿದೆ. ಬೋಳಾದ ಜಾಗದ ಅರ್ಚಿನ್‌ಗಳು ಹಸಿವಿನಿಂದ ಒಳಗೆ ಟೊಳ್ಳಾಗಿರುತ್ತವೆ, ನೀರುನಾಯಿ ಅವನ್ನು ಮುಟ್ಟುವುದಿಲ್ಲ. 2021ರಲ್ಲಿ ಇಲ್ಲಿನ ಟ್ಯಾಂಕರ್ಸ್ ರೀಫ್ ಅನ್ನುವ ಬಂಡೆಸಾಲಿನಲ್ಲಿ ಹವ್ಯಾಸಿ ಡೈವರ್‌ಗಳು ಅರ್ಚಿನ್ ಒಡೆಯಲು ರಾಜ್ಯ ಸರ್ಕಾರ ಅನುಮತಿ ಕೊಟ್ಟಿತು. ರೋಗಕ್ಕೆ ಕಾರಣವಾದ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾವನ್ನು ವಿಜ್ಞಾನಿಗಳು ಗುರುತಿಸಿದ್ದು 2025ರಲ್ಲಿ. ಆ ಸುದ್ದಿ ಓದಿದ ದಿನ ನಾನು ತುಂಬ ಖುಷಿಪಟ್ಟೆ.

ಅರ್ಚಿನ್ ಜಾಸ್ತಿ ಇರುವ ಕಡೆ ಡ್ರೈಸೂಟಿನವರು ಮೈಯೆಲ್ಲ ಕಣ್ಣಾಗಿರಬೇಕು. ಒಂದು ಮುಳ್ಳು ಮೊಣಕಾಲಿಗೆ ತಾಗಿದರೆ ಸಾಕು, ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಡೈವ್ ಮುಗಿಯುವ ಹೊತ್ತಿಗೆ ಒಂದು ಕಾಲು ತಣ್ಣಗಾಗಿರುತ್ತದೆ. ತೂತು ಹುಡುಕುವ ಕ್ರಮ ಸುಲಭ. ಸೂಟಿನ ಕತ್ತು, ಕೈ ಮುಚ್ಚಿ ಗಾಳಿ ತುಂಬಿ, ಮೇಲೆ ಸೋಪಿನ ನೀರು ಸವರಿ. ಗುಳ್ಳೆ ಎದ್ದಲ್ಲಿ ಒಣಗಿಸಿ ಯೂರಿಥೇನ್ ಅಂಟು ಹಚ್ಚಿ. ಇದನ್ನು ಮನೆಯಲ್ಲೇ ಮಾಡಬಹುದು.

ಲೇಟೆಕ್ಸ್ ಪಟ್ಟಿಯೇ ಈ ಸೂಟಿನ ದೊಡ್ಡ ತಲೆನೋವು. ಬಿಸಿಲು, ಎಣ್ಣೆ, ಸನ್‌ಸ್ಕ್ರೀನ್, ಉದ್ದದ ಉಗುರು ಎಲ್ಲವೂ ಅದಕ್ಕೆ ಶತ್ರು. ಪರಿಮಳ ಇಲ್ಲದ ಟಾಲ್ಕಂ ಪೌಡರ್ ಹಚ್ಚಿ ಎಷ್ಟೇ ಜೋಪಾನ ಮಾಡಿದರೂ ಕೆಲವು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ನನ್ನ ಕತ್ತಿನ ಪಟ್ಟಿ ಹರಿದಿದ್ದು ಪಾಯಿಂಟ್ ಲೋಬೋಸ್‌ಗೆ ಬುಕ್ ಮಾಡಿದ್ದ ದಿನ ಬೆಳಿಗ್ಗೆ, ಕಾರಿನ ಪಕ್ಕದಲ್ಲಿ. ರಿಪೇರಿಗೆ ಕೊಟ್ಟ ಅಂಗಡಿಯವರು ಎರಡು ವಾರ ಅಂದರು, ಎರಡು ತಿಂಗಳು ಹತ್ತಿರವಾಯಿತು. ಒಳ್ಳೆಯ ಸೀಸನ್ ಪೂರ್ತಿ ಹೋಯಿತು. ಈಗ ನಾವೇ ಬದಲಾಯಿಸಬಹುದಾದ ಸಿಲಿಕೋನ್ ಪಟ್ಟಿ, ಅದಕ್ಕೆ ರಿಂಗ್ ಇರುವ ಸೂಟುಗಳು ಸಿಗುತ್ತವೆ. ಇವತ್ತು ಕೊಳ್ಳುವುದಾದರೆ ಬೇರೆ ಯಾವುದನ್ನೂ ನಾನು ನೋಡುವುದಿಲ್ಲ.

ನಮ್ಮವರಿಗೆ ಬೇಕಾದ ಒಂದು ಮಾತು. ಕೈಗೆ ಕಟ್ಟಿದ ದೇವಸ್ಥಾನದ ದಾರ, ಕತ್ತಿನ ಸರ, ಜನಿವಾರ ಪಟ್ಟಿಯ ಅಡಿಗೆ ಸಿಕ್ಕಿದರೆ ಅಲ್ಲಿಂದಲೇ ನೀರು ಒಳಗೆ ಬರುತ್ತದೆ. ಒಂದೇ ಒಂದು ಎಳೆ ಸಾಕು. ಮಣಿಕಟ್ಟು ತೆಳ್ಳಗಿರುವವರಿಗೆ ಮುಷ್ಟಿ ಬಿಗಿದಾಗ ಎದ್ದು ನಿಲ್ಲುವ ಸ್ನಾಯುರಜ್ಜುಗಳ ನಡುವಿನ ತಗ್ಗಿನಲ್ಲೂ ನೀರು ನುಸುಳುತ್ತದೆ. ಕ್ಯಾಮೆರಾ ಹಿಡಿಯುವವರು ಇದನ್ನು ಗಮನಿಸಿ.

ಜಿಪ್ ಬಗ್ಗೆ ಹೆಚ್ಚೇನಿಲ್ಲ. ಪ್ರತಿ ಸಲ ಮೇಣ ಉಜ್ಜಿ, ಮಡಚಬೇಡಿ, ಮರಳು ಸಿಗದಂತೆ ನೋಡಿಕೊಳ್ಳಿ. ಕೆಟ್ಟರೆ ಇಡೀ ಸೂಟಿನಲ್ಲಿ ದುಬಾರಿ ರಿಪೇರಿ ಅದೇ. ಎದೆಯ ಮೇಲಿನ ಜಿಪ್ ಆದರೆ ನಾವೇ ಹಾಕಿಕೊಳ್ಳಬಹುದು. ಬೆನ್ನಿನದಕ್ಕೆ ಇನ್ನೊಬ್ಬರ ಕೈ ಬೇಕು.

ಸೂಟಿನೊಳಗೆ ಗಾಳಿ ಇರುವುದರಿಂದ ಮುಳುಗಲು ಸೊಂಟಕ್ಕೆ ಹೆಚ್ಚು ಸೀಸ ಕಟ್ಟಬೇಕು. ಟ್ಯಾಂಕ್ ಸೇರಿ 30 ಕಿಲೋ ದಾಟಿದ ಭಾರ ಹೊತ್ತು ಮರಳಿನಲ್ಲಿ ನಡೆಯಬೇಕು. ಸೆಪ್ಟೆಂಬರಿನ ಬಿಸಿಲಿನಲ್ಲಿ ಒಳಗೆ ಬೇಯುವುದೂ ಉಂಟು. ಉಳಿದ ಎಲ್ಲ ತಯಾರಿ ಮುಗಿಸಿ ಕೊನೆಗೆ ಜಿಪ್ ಎಳೆಯುವುದು ಒಳ್ಳೆಯದು.

ತರಬೇತಿ ಇಲ್ಲದೆ ಇದನ್ನು ತೊಟ್ಟು ನೀರಿಗಿಳಿಯಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಕೆಳಗೆ ಹೋಗುತ್ತಿದ್ದಂತೆ ಸೂಟ್ ಮೈಯನ್ನು ಹಿಂಡುತ್ತದೆ. ಎದೆಯ ವಾಲ್ವಿನಿಂದ ಸೂಟಿನೊಳಗೆ ಸ್ವಲ್ಪ ಸ್ವಲ್ಪ ಗಾಳಿ ತುಂಬಬೇಕು. ಮೇಲೆ ಬರುವಾಗ ಆ ಗಾಳಿ ಹಿಗ್ಗುತ್ತದೆ. ಎಡ ತೋಳಿನ ವಾಲ್ವಿನಿಂದ ಅದನ್ನು ಹೊರಹಾಕಬೇಕು. ತಲೆ ಕೆಳಗಾಗಿ ಗಾಳಿ ಪಾದಕ್ಕೆ ಹೋದರೆ ಆ ವಾಲ್ವ್ ಉಪಯೋಗಕ್ಕೆ ಬರುವುದಿಲ್ಲ. ಕಾಲು ಮೇಲಾಗಿ ಬಲೂನಿನಂತೆ ಏರಿಬಿಡುವ ಅಪಾಯ ಇದೆ. ಹಾಗೆ ಏರಿದರೆ ಶ್ವಾಸಕೋಶಕ್ಕೆ ಪೆಟ್ಟು ಬೀಳಬಹುದು. ಇದಕ್ಕಾಗಿಯೇ ಕೋರ್ಸ್ ಇದೆ. ಈಜುಕೊಳದಲ್ಲಿ ಮೊದಲು ಕಾಲು ಮಡಚಿ ಉರುಳಿ ನೇರವಾಗುವುದನ್ನು ಕಲಿಸುತ್ತಾರೆ. ಅದು ಯೋಚಿಸದೆ ಬರುವಷ್ಟು ರೂಢಿಯಾಗಬೇಕು.

ಮೂತ್ರದ ವಿಷಯವನ್ನು ಯಾರೂ ಬರೆಯುವುದಿಲ್ಲ. ಚಳಿ ನೀರಿನಲ್ಲಿ ಅವಸರ ಜಾಸ್ತಿಯಾಗುತ್ತದೆ. ಅದಕ್ಕೆ ಅಂತ ಹೆದರಿ ನೀರು ಕುಡಿಯದೆ ಡೈವ್ ಮಾಡುವುದು ಒಳ್ಳೆಯದಲ್ಲ. ಸೂಟಿಗೆ ಅದಕ್ಕೆಂದೇ ವಾಲ್ವ್ ಹಾಕಿಸಬಹುದು. ಉದ್ದದ ಡೈವ್ ಮಾಡುವವರು ಕೊಳ್ಳುವಾಗಲೇ ಹಾಕಿಸಿ.

ವರ್ಷಕ್ಕೆ ಒಂದೆರಡು ಸಲ, ಅದೂ ಶರತ್ಕಾಲದಲ್ಲಿ ಮಾತ್ರ ಮಾಂಟೆರೆಗೆ ಬರುವವರು ಚೆನ್ನಾಗಿ ಹೊಂದುವ 7 ಮಿಲಿಮೀಟರ್ ವೆಟ್‌ಸೂಟ್ ಬಾಡಿಗೆಗೆ ತೆಗೆದುಕೊಂಡು, ದಡದಲ್ಲಿ ಫ್ಲಾಸ್ಕಿನ ತುಂಬ ಬಿಸಿ ಸಾರು ಇಟ್ಟುಕೊಳ್ಳಿ. ಡ್ರೈಸೂಟ್ ಕೊಳ್ಳಬೇಕು ಅನ್ನುವವರು ಮೊದಲು ಕೋರ್ಸ್ ಮಾಡಿ. ಒಳಬಟ್ಟೆ ತೊಟ್ಟುಕೊಂಡೇ ಅಂಗಡಿಗೆ ಹೋಗಿ ಅಳತೆ ನೋಡಿ. ಸೂಟಿನಲ್ಲಿ ಕುಕ್ಕರುಗಾಲಲ್ಲಿ ಕೂರಲು ಆಗಬೇಕು, ಎರಡೂ ಕೈ ತಲೆಯ ಹಿಂದೆ ಟ್ಯಾಂಕಿನ ವಾಲ್ವಿಗೆ ಎಟುಕಬೇಕು. ಎಟುಕದಿದ್ದರೆ ಎಷ್ಟೇ ರಿಯಾಯಿತಿ ಕೊಟ್ಟರೂ ಆ ಸೂಟ್ ಬಿಟ್ಟುಬನ್ನಿ.