ಮನೆ ಮನೆಗೆ ಪೊಲೀಸ್: ರಾಯಚೂರಿನ ನಮ್ಮ ಓಣಿಯಲ್ಲಿ ಕಂಡಂತೆ

ರಾಜ್ಯ ಪೊಲೀಸ್ ಇಲಾಖೆಯ ‘ಮನೆ ಮನೆಗೆ ಪೊಲೀಸ್’ ಸೇವೆ 2025ರ ಜುಲೈನಲ್ಲಿ ಆರಂಭವಾಯಿತು. ಠಾಣೆಯ ವ್ಯಾಪ್ತಿಯ ಮನೆಗಳನ್ನು 40ರಿಂದ 60ರಂತೆ ಗುಂಪು ಮಾಡಿ, ಒಂದೊಂದು ಗುಂಪಿನ ಹೊಣೆಯನ್ನು ಬೀಟ್ ಸಿಬ್ಬಂದಿಗೆ ವಹಿಸಿ, ನಾವು ದೂರು ಹೊತ್ತು ಠಾಣೆಗೆ ಹೋಗುವ ಮೊದಲೇ ಅವರು ನಮ್ಮ ಬಾಗಿಲಿಗೆ ಬಂದು ಅಹವಾಲು ಕೇಳುವುದು ಇದರ ಕ್ರಮ. ಈ ಸೇವೆ ರಾಯಚೂರಿನ ನಮ್ಮ ಓಣಿಗೆ ಬಂದ ಮೇಲೆ ನಾನು ಮೆಚ್ಚಿದ್ದನ್ನೂ ಕೊರತೆಯೆನಿಸಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರಿನ ಬೇಸಿಗೆಯನ್ನು ಬಲ್ಲವರಿಗೆ ಮಾಳಿಗೆಯ ಮೇಲೆ ಮಲಗುವ ರೂಢಿಯನ್ನು ವಿವರಿಸಬೇಕಾಗಿಲ್ಲ. ಮನೆಮಂದಿಯೆಲ್ಲ ಮೇಲೆ ಮಲಗಿರುವಾಗ ಕೆಳಗಿನ ಬಾಗಿಲು ಮುರಿದು ಅಲಮಾರಿ ಖಾಲಿ ಮಾಡಿಕೊಂಡು ಹೋಗುವ ಕಳ್ಳತನವೂ ಅಷ್ಟೇ ಹಳೆಯದು. ಈ ಸೇವೆ ಬರುವುದಕ್ಕೆ ಮುಂಚಿನ ಬೇಸಿಗೆಯಲ್ಲಿ ನಮ್ಮ ಎದುರುಮನೆಯವರು ಮಗಳ ಮದುವೆಗೆಂದು ಕೂಡಿಟ್ಟಿದ್ದ ಬಂಗಾರವನ್ನು ಕಳೆದುಕೊಂಡದ್ದು ಹೀಗೆಯೇ. ಆದ್ದರಿಂದ ಬೀಟ್ ಪೊಲೀಸರು ಮೊದಲ ಸಲ ಮನೆಗೆ ಬಂದಾಗ ನಾನು ಕೇಳಿದ ಮೊದಲ ಪ್ರಶ್ನೆ ಇದೇ ಆಗಿತ್ತು. ಅವರು ಉಪದೇಶ ಮಾಡಲಿಲ್ಲ. ನೇರವಾಗಿ ಹಿತ್ತಲಿಗೆ ನಡೆದು, ಸೊಳ್ಳೆ ಜಾಳಿಗೆ ಹಾಕಿದ ಕಿಟಕಿಯ ಮುಂದೆ ನಿಂತು, ಜಾಳಿಗೆಯ ಸಡಿಲವಾಗಿದ್ದ ಮೂಲೆಯನ್ನು ಎರಡು ಬೆರಳಿನಿಂದ ಎತ್ತಿ ಕೈ ಒಳಗೆ ತೂರಿಸಿದರು. ಹಿತ್ತಲ ಬಾಗಿಲ ಚಿಲಕ ಅವರ ಕೈಗೆ ಸಿಕ್ಕಿತು. “ನೋಡ್ರಿ ಅಮ್ಮಾರೆ, ಮುಂದಿನ ಬಾಗಿಲಿಗೆ ಎಷ್ಟು ದೊಡ್ಡ ಕೀಲಿ ಹಾಕಿದ್ರೂ ಇಲ್ಲಿ ಹಿಂಗದ” ಎಂದರು. ಹದಿನಾಲ್ಕು ವರ್ಷದಿಂದ ಆ ಮನೆಯಲ್ಲಿದ್ದೇವೆ, ಆ ಚಿಲಕ ಕಿಟಕಿಗೆ ಅಷ್ಟು ಹತ್ತಿರವಿದೆಯೆಂಬುದು ನಮ್ಮಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಮರುದಿನವೇ ಬಡಿಗೇರರನ್ನು ಕರೆಸಿ ಚಿಲಕವನ್ನು ಬಾಗಿಲಿನ ಕೆಳಭಾಗಕ್ಕೆ ಇಳಿಸಿದೆವು.

ಹೋಗುವ ಮುನ್ನ ಅವರು ನಮ್ಮ ಅತ್ತೆಯವರ ಹತ್ತಿರ ಕುಳಿತು ಫೋನಿನ ಮೋಸಗಳ ಬಗ್ಗೆ ಮಾತನಾಡಿದರು. ‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾನೂನಿನಲ್ಲಿಯೂ ಇಲ್ಲ, ಪೊಲೀಸರು ವಿಡಿಯೊ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ, ಹಣ ಹೋದದ್ದು ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಆ ಹಣ ಮತ್ತೊಂದು ಖಾತೆಗೆ ಸಾಗುವ ಮುನ್ನ ತಡೆಹಿಡಿಯುವ ಸಾಧ್ಯತೆ ಇರುತ್ತದೆ ಎಂಬುದನ್ನು ಅತ್ತೆಯವರ ಭಾಷೆಯಲ್ಲಿಯೇ ತಿಳಿಸಿ, ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ತುರ್ತು ಕರೆಯ 112 ಮತ್ತು 1930 ಬರೆದರು. ಎಪ್ಪತ್ತು ದಾಟಿದ ಅತ್ತೆಯವರು ಪೊಲೀಸರೊಬ್ಬರಿಗೆ ಕುಡಿಯಲು ನೀರು ಕೊಟ್ಟದ್ದು ಅದೇ ಮೊದಲು. ಈ ಸೇವೆಯ ಬೆಲೆ ಇರುವುದು ಇಲ್ಲಿ ಎಂದು ನಾನು ತಿಳಿದಿದ್ದೇನೆ: ಮುಖ ಪರಿಚಯವಿರುವ ಪೊಲೀಸರಿಗೆ ಹೇಳಿಕೊಳ್ಳುವ ಮಾತನ್ನು ಹೆಣ್ಣುಮಕ್ಕಳು ಠಾಣೆಯ ಮೇಜಿನ ಮುಂದೆ ನಿಂತು ಹೇಳಲಾರರು.

ಕೊರತೆಯೂ ಇದೇ ಜಾಗದಲ್ಲಿದೆ. ಆ ಬೀಟ್ ಪೊಲೀಸರು ನಾಲ್ಕೇ ತಿಂಗಳಲ್ಲಿ ಬದಲಾದರು. ಹೊಸದಾಗಿ ಬಂದವರು ಅದೇ ಹೆಸರು, ಅದೇ ಫೋನ್ ನಂಬರುಗಳನ್ನು ಮತ್ತೊಮ್ಮೆ ಬರೆದುಕೊಂಡು ಹೋದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಗಣೇಶ ವಿಸರ್ಜನೆ, ಕಾರ ಹುಣ್ಣಿಮೆಯ ಹಬ್ಬ, ಚುನಾವಣೆ ಎಂದು ಎಲ್ಲದರ ಬಂದೋಬಸ್ತಿಗೂ ಇದೇ ಸಿಬ್ಬಂದಿಯೇ ಹೋಗಬೇಕು. ಆದರೆ ಮನೆಯ ಪರಿಚಯವೇ ಬಂಡವಾಳವಾಗಿರುವ ಸೇವೆಯಲ್ಲಿ ಒಬ್ಬರನ್ನು ಕನಿಷ್ಠ ಎರಡು ವರ್ಷವಾದರೂ ಒಂದೇ ಬೀಟಿನಲ್ಲಿ ಉಳಿಸದಿದ್ದರೆ ಉಳಿಯುವುದು ಪುಸ್ತಕದಲ್ಲಿನ ವಿಳಾಸಗಳು ಮಾತ್ರ.

ಇನ್ನೊಂದು, ಭೇಟಿಯ ವೇಳೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಬಂದರೆ ಸಿಗುವವರು ನಿವೃತ್ತರು ಮತ್ತು ನಮ್ಮಂಥ ಗೃಹಿಣಿಯರು. ಹತ್ತಿ ಮಿಲ್ಲಿಗೆ, ಅಕ್ಕಿ ಗಿರಣಿಗೆ ದುಡಿಯಲು ಹೋದವರ ಬಾಗಿಲಿಗೆ ಬೀಗವಿರುತ್ತದೆ, ಓಣಿಯ ಕೊನೆಯಲ್ಲಿ ಬೆಂಗಳೂರಿಗೆ ಗುಳೆ ಹೋದವರ ಮನೆಗಳಂತೂ ತಿಂಗಳುಗಟ್ಟಲೆ ಮುಚ್ಚಿರುತ್ತವೆ. ರಾತ್ರಿ ಗಸ್ತಿನ ಕಣ್ಣು ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಆ ಮನೆಗಳಿಗೆ. ಊರಿಗೆ ಹೋಗುವಾಗ ಠಾಣೆಗೆ ತಿಳಿಸಿ ಹೋಗಿ ಎಂಬ ಸಲಹೆ ನಮ್ಮವರೆಗೆ ಬಂದಿದೆ, ಅವರವರೆಗೆ ಬಂದಿಲ್ಲ.

ಓಣಿಯವರೆಲ್ಲ ಸೇರಿ ಮಾಡಿಕೊಂಡ ವಾಟ್ಸ್ಆ್ಯಪ್ ಗುಂಪಿನ ಬಗ್ಗೆ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಮೊದಲ ವಾರದಲ್ಲಿಯೇ ಅದರಲ್ಲಿ ಬಂದದ್ದು ಕಂಬಳಿ ಮಾರುವ ಇಬ್ಬರು ಹುಡುಗರ ಫೋಟೊ, ಕೆಳಗೆ ‘ಇವರ ಮೇಲೆ ಕಣ್ಣಿಡಿ’ ಎಂಬ ಬರಹ. 2018ರ ಜುಲೈನಲ್ಲಿ ನಮ್ಮ ಕಲ್ಯಾಣ ಕರ್ನಾಟಕದ್ದೇ ಆದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ವಾಟ್ಸ್ಆ್ಯಪ್‌ನಲ್ಲಿ ಹಬ್ಬಿಸಿ, ಹೈದರಾಬಾದಿನ ಯುವ ಎಂಜಿನಿಯರೊಬ್ಬರನ್ನು ಜನ ಹೊಡೆದು ಕೊಂದರು. ಆ ಸುದ್ದಿಯನ್ನು ಓದಿದ ನಾವೇ ಇಂಥ ಫೋಟೊ ಹಂಚಿಕೊಳ್ಳುವುದು ನನಗೆ ತಡೆಯಲಾಗದ ಸಂಕಟವಾಯಿತು. ಹೊಸ ಬೀಟ್ ಪೊಲೀಸರಿಗೆ ತೋರಿಸಿದಾಗ, ಅನುಮಾನವಿದ್ದರೆ 112ಕ್ಕೆ ಕರೆ ಮಾಡಿ, ಯಾರ ಮುಖವನ್ನೂ ಗುಂಪಿಗೆ ಹಾಕಬೇಡಿ ಎಂದು ಅಲ್ಲಿಯೇ ಬರೆದು, ಆ ಫೋಟೊವನ್ನು ಗುಂಪಿನಿಂದ ಅಳಿಸಿಹಾಕಿಸಿದರು. ಅವರ ಮೇಲೆ ನನಗೆ ವಿಶ್ವಾಸ ಮೂಡಿದ್ದು ಆ ದಿನ.

ಹಣ ಕೂಡಿಸಿ ಓಣಿಗೆ ಹಾಕಿಸಿದ ಸಿಸಿ ಕ್ಯಾಮೆರಾದ ಗಡಿಯಾರ ಎರಡು ಗಂಟೆ ಹಿಂದಿತ್ತು. ಅದನ್ನು ಕಂಡುಹಿಡಿದು ಸರಿಪಡಿಸಿದ್ದೂ ಅವರೇ.

ಒಟ್ಟಿನಲ್ಲಿ ಈ ಸೇವೆಯನ್ನು ನಾನು ಮನಸಾರೆ ಒಪ್ಪುತ್ತೇನೆ, ನಿಮ್ಮ ಮನೆಗೆ ಬೀಟ್ ಪೊಲೀಸರು ಬಂದರೆ ಬಾಗಿಲಲ್ಲೇ ನಿಲ್ಲಿಸದೆ ಹಿತ್ತಲವರೆಗೆ ಕರೆದುಕೊಂಡು ಹೋಗಿ ಎಂದು ಕೇಳಿಕೊಳ್ಳುತ್ತೇನೆ. ಮುಂದಿನ ಭೇಟಿಯನ್ನು ಮಿಲ್ಲಿನ ಪಾಳಿ ಮುಗಿದ ಮೇಲೆ, ಸಂಜೆ ಏಳರ ನಂತರ ಇಡಬೇಕೆಂದು ಓಣಿಯ ಇಪ್ಪತ್ತೆರಡು ಮನೆಯವರು ಸಹಿ ಹಾಕಿ ಠಾಣೆಗೆ ಅರ್ಜಿ ಕೊಟ್ಟಿದ್ದೇವೆ. ಗುಳೆ ಹೋದ ಆರು ಮನೆಗಳ ಗುರುತನ್ನೂ ಅದರೊಂದಿಗೆ ಬರೆದುಕೊಟ್ಟಿದ್ದೇವೆ.