ಏಳು ವರ್ಷ ಬಳಸಿದ ಮೇಲೆ: ನಮ್ಮ ಮನೆಯ ಎರಡು ಥರದ ಪ್ಲೈವುಡ್

ಗಂಗಾವತಿಯಲ್ಲಿ ಮನೆ ಕಟ್ಟಿ 2018ರಲ್ಲಿ ಒಳಗಿನ ಮರಗೆಲಸ ಮಾಡಿಸಿದೆವು. ಪ್ಲೈವುಡ್ ಎರಡು ಥರ ತಂದಿದ್ದೆವು. ಅಡುಗೆಮನೆಗೆ ಐ.ಎಸ್. (ಭಾರತೀಯ ಮಾನಕ) 710 ಮುದ್ರೆಯ ಬಿಡಬ್ಲ್ಯೂಪಿ, ಅಂದರೆ ಕುದಿಯುವ ನೀರಿಗೂ ಅಂಟು ಬಿಡದ್ದು, ಇದಕ್ಕೇ ಮರೈನ್ ಅನ್ನುತ್ತಾರೆ. ಮಲಗುವ ಕೋಣೆಯ ಕಬಾಟಿಗೆ ಐ.ಎಸ್. 303ರ ಎಂಆರ್, ಅಂದರೆ ತೇವ ತಡೆಯುವುದು, ಅಂಗಡಿಯವರು ಕಮರ್ಷಿಯಲ್ ಅನ್ನುವುದು. ಎರಡೂ 18 ಎಂ.ಎಂ. ದಪ್ಪ. ಹಿಂದಿನ ಹಲಗೆಗೆ ಮಾತ್ರ 6 ಎಂ.ಎಂ.

ಅಡುಗೆಮನೆಯದು ಕೊಟ್ಟ ದುಡ್ಡಿಗೆ ಮೋಸ ಮಾಡಲಿಲ್ಲ. ಸಿಂಕಿನ ಪೈಪು ಸೋರಿ ಕೆಳಗಿನ ಬಾಕ್ಸು ನಾಲ್ಕೈದು ದಿನ ತೋಯ್ದೇ ಇತ್ತು, ನಾವು ಊರಲ್ಲಿರಲಿಲ್ಲ, ಬಂದು ಒರೆಸಿ ಬಾಗಿಲು ತೆರೆದಿಟ್ಟು ಒಣಗಿಸಿದ ಮೇಲೆ ನೋಡಿದರೆ ಒಂದು ಪದರವೂ ಬಿಟ್ಟಿರಲಿಲ್ಲ. ಇದರ ಅಂಟು 72 ಗಂಟೆ ಕುದಿಸಿದರೂ ಬಿಡಬಾರದು ಅನ್ನೋದೇ ಆ ಮುದ್ರೆಯ ಪರೀಕ್ಷೆ. ಎಂಆರ್ ಗಾಳಿಯ ತೇವ ತಡೆಯುತ್ತೆ, ನೀರು ತಡೆಯಲ್ಲ. ಬಚ್ಚಲಮನೆ ಗೋಡೆಗೆ ಒತ್ತಿಕೊಂಡಿದ್ದ ಕಬಾಟು ಮೂರನೇ ಮಳೆಗಾಲಕ್ಕೇ ಬುಡದಲ್ಲಿ ಉಬ್ಬಿತು, ಕೀಲಿನ ಸ್ಕ್ರೂ ಹಿಡಿತ ಬಿಟ್ಟಿತು. ಅದೇ ಹಾಳೆಯಿಂದ ಮಾಡಿದ, ಒಣ ಗೋಡೆಯ ಕಬಾಟು ಇವತ್ತಿಗೂ ಗಟ್ಟಿಯಾಗಿದೆ. ಹಾಗಾಗಿ ಮನೆಗೆಲ್ಲಾ ಮರೈನ್ ಬೇಕಿಲ್ಲ, ಗೋಡೆಯ ಆಚೆ ಏನಿದೆ ಅಂತ ನೋಡಿ ಆರಿಸಿ.

ಒಂದು ವಿಷಯಕ್ಕೆ ಮಾತ್ರ ನನಗೆ ಇನ್ನೂ ಬೇಜಾರು. ಮರೈನ್‌ಗೆ ಗೆದ್ದಲು ಹತ್ತಲ್ಲ ಅಂದಿದ್ದರು ಅಂಗಡಿಯಲ್ಲಿ. ಹತ್ತಿತು. ಅಂಟು ನೀರಿಗೆ ಜಗ್ಗಲ್ಲ ಅಂದಮಾತ್ರಕ್ಕೆ ಮರ ಗೆದ್ದಲಿಗೆ ಜಗ್ಗಲ್ಲ ಅಂತಲ್ಲ, ಅದಕ್ಕೆ ಔಷಧಿ ಸರಿಯಾಗಿ ಹೊಡೆದಿರಬೇಕು. ನಮ್ಮ ಕಡೆ ನೆಲದಲ್ಲೇ ಗೆದ್ದಲು, ಅದಕ್ಕೇ ಈಗ ಕೆಳಗಿನ ಬಾಕ್ಸುಗಳನ್ನೆಲ್ಲ ಗ್ರಾನೈಟ್ ತುಂಡಿನ ಮೇಲೆ ನಿಲ್ಲಿಸಿದ್ದೇವೆ.

ಮರ ಯಾವುದು ಅಂತಲೂ ಕೇಳಿ. ಪಾಪ್ಲರ್ ಹಗುರ, ಮೆದು, ಸ್ಕ್ರೂ ಅಷ್ಟು ಕಚ್ಚಲ್ಲ. ನೀಲಗಿರಿ ಭಾರ, ಗಟ್ಟಿ, ಆದರೆ ಸರಿಯಾಗಿ ಒಣಗಿಸದಿದ್ದರೆ ಉದ್ದನೆಯ ಬಾಗಿಲು ಬಾಗುತ್ತೆ. ಗುರ್ಜನ್ ಕೆಂಪಗಿರುತ್ತೆ, ಗಟ್ಟಿ, ದುಬಾರಿ. ಎಷ್ಟೋ ಹಾಳೆಗಳಲ್ಲಿ ಮೇಲಿನ ತೆಳು ಪದರ ಮಾತ್ರ ಗುರ್ಜನ್ ಇರುತ್ತೆ, ಅದಕ್ಕೇ ಅಂಚು ನೋಡಬೇಕು, ಮುಖ ಅಲ್ಲ. ಅಂಚಿನಲ್ಲಿ ತೂತು, ಸಂದು ಕಂಡರೆ ವಾಪಸ್ ಇಡಿ.

ಅಳತೆಯಲ್ಲಿ ನಾವು ಸುಮ್ನೆ ದುಡ್ಡು ಕಳೆದೆವು. ಎಲ್ಲಾ 8x4 ಅಡಿಯದೇ ತಂದೆವು, ಒಂದು ಹಾಳೆ 32 ಚದರ ಅಡಿ. ಕಬಾಟಿನ ಎತ್ತರ 7 ಅಡಿ. ಪ್ರತಿ ಹಾಳೆಗೂ ಒಂದು ಅಡಿ ತುಂಡು ಉಳಿಯಿತು. 7x4 ಸಿಗುತ್ತೆ, 6x4 ಕೂಡ ಸಿಗುತ್ತೆ ಅಂತ ಆಮೇಲೆ ಬಡಿಗೇರರು ಹೇಳಿದರು. ಇನ್ನೊಂದು, 4 ಅಡಿ ಅಗಲದಲ್ಲಿ ಎರಡು 2 ಅಡಿ ಹಲಗೆ ಪೂರ್ತಿ ಬರಲ್ಲ, ಬ್ಲೇಡು ಸುಮಾರು 3 ಎಂ.ಎಂ. ತಿನ್ನುತ್ತೆ. ಕಬಾಟಿನ ಆಳವನ್ನು ಇಪ್ಪತ್ತಮೂರೂವರೆ ಇಂಚು ಅಂತ ಬರೆದುಕೊಡಿ, ಒಂದೇ ಹಾಳೆಯಲ್ಲಿ ಎರಡೂ ಬದಿ ಸಲೀಸಾಗಿ ಬರುತ್ತವೆ.